ಆಕಾಶದಲ್ಲಿ ಬೆದರುಬೊಂಬೆ ನಿಲ್ಲಿಸಬಹುದೇ?

(ಗೌರಿಬಿದನೂರಿನಲ್ಲಿ ಕಾಲೇಜು ಹುಡುಗರು ಮತ್ತು ಊರಿನವರ ಮುಂದೆ ಆಡಿದ ಮಾತಿನ ಬರಹ ರೂಪ)

ಪ್ರೊಜೆಕ್ಟರ್ ಹಾಕಿ ಎರಡನೇ ಚಿತ್ರಕ್ಕೆ ಬರುವಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಇದೆ ಅಂದರು. ಅದು ಎರಡು ನಿಮಿಷ ಕೀಂ ಕೀಂ ಅಂದು ಸುಮ್ಮನಾಯಿತು. ಇರಲಿ, 31 ವರ್ಷ ಚಾಕ್‌ಪೀಸ್ ಹಿಡಿದು ಫಿಸಿಕ್ಸ್ ಪಾಠ ಮಾಡಿದವನಿಗೆ ಬೋರ್ಡ್ ಸಾಕು. ಕಿಟಕಿ ಪಕ್ಕ ಕೂತವರು ಸ್ವಲ್ಪ ಸರಿದರೆ ಬೆಳಕೂ ಬರುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಸೇನೆಯವನಲ್ಲ, ಇಸ್ರೋದವನೂ ಅಲ್ಲ. ಆದರೆ ಈ ತಾಲ್ಲೂಕಿನವನು. ಬಾಹ್ಯಾಕಾಶದ ಭದ್ರತೆ ಅಂದರೆ ದೆಹಲಿಯವರು ಮಾತಾಡುವ ವಿಷಯ ಅಂದುಕೊಳ್ಳುತ್ತೇವೆ. ಅದರ ಎರಡು ಮುಖ್ಯ ಪಾಠಗಳು ನಮ್ಮೂರ ಬಯಲಲ್ಲೇ ಇವೆ. ಒಂದು ಕಡೆ ನೆಲಕ್ಕೆ ಕಿವಿ ಕೊಟ್ಟ ಯಂತ್ರಗಳು, ಇನ್ನೊಂದು ಕಡೆ ಸೂರ್ಯನಿಗೆ ಕಿವಿ ಕೊಟ್ಟ ತಂತಿಗಳು. ನಿಮ್ಮಲ್ಲಿ ಎಷ್ಟೋ ಜನ ಅದರ ಪಕ್ಕದಲ್ಲೇ ಬೈಕ್ ಓಡಿಸಿಕೊಂಡು ಬಂದಿದ್ದೀರಿ. ಅಲ್ಲಿಗೆ ಆಮೇಲೆ ಬರುತ್ತೇನೆ.

ಇವತ್ತಿನ ವಿಷಯಕ್ಕೆ ಇಂಗ್ಲಿಷಿನಲ್ಲಿ ಡಿಟರೆನ್ಸ್ ಅನ್ನುತ್ತಾರೆ. ಏಟು ಕೊಡದೆ, ಏಟಿನ ಹೆದರಿಕೆಯಲ್ಲೇ ಎದುರಾಳಿಯನ್ನು ತಡೆದು ನಿಲ್ಲಿಸುವುದು. ಪತ್ರಿಕೆಗಳಲ್ಲಿ ಇದಕ್ಕೆ ನಾಲ್ಕಾರು ಕನ್ನಡ ಪದ ನೋಡಿದ್ದೇನೆ, ಒಂದೂ ನಾಲಿಗೆಗೆ ಹತ್ತಲಿಲ್ಲ. ನನಗೆ ನೆನಪಾಗುವುದು ಜೋಳದ ಹೊಲದ ಬೆದರುಬೊಂಬೆ. ಅದು ಯಾವತ್ತೂ ಯಾವ ಹಕ್ಕಿಗೂ ಕಲ್ಲು ಬೀರಿದ್ದಿಲ್ಲ. ಅದು ಕೆಲಸ ಮಾಡುವುದು ಹೊಲದಲ್ಲಲ್ಲ, ಹಕ್ಕಿಯ ತಲೆಯಲ್ಲಿ. ಅದರ ಹೆಗಲ ಮೇಲೇ ಕಾಗೆ ಕೂತ ದಿನ ಆ ಬೊಂಬೆಯ ಕಥೆ ಮುಗಿಯಿತು.

ದೇಶಗಳ ನಡುವೆ ಈ ಬೊಂಬೆ ಕೆಲಸ ಮಾಡಬೇಕಾದರೆ ತಿರುಗಿ ಹೊಡೆಯುವ ತಾಕತ್ತು ಇರಬೇಕು, ಹೊಡೆದೇ ಹೊಡೆಯುತ್ತಾನೆ ಅನ್ನುವ ನಂಬಿಕೆ ಎದುರಿನವನಿಗೆ ಇರಬೇಕು. ಇಷ್ಟು ಎಲ್ಲರೂ ಹೇಳುತ್ತಾರೆ. ಇನ್ನೊಂದು ಇದೆ, ಅದನ್ನು ಮರೆಯುತ್ತಾರೆ. ಹೊಡೆದವನು ಯಾರು ಅಂತ ಗೊತ್ತಾಗಬೇಕು. ಕಳ್ಳ ಯಾರು ಅಂತಲೇ ತಿಳಿಯದಿದ್ದರೆ ದೊಣ್ಣೆ ಹಿಡಿದು ಯಾರ ಮನೆ ಮುಂದೆ ನಿಲ್ಲುತ್ತೀರಿ? ನನ್ನ ಮಾತೆಲ್ಲ ಸುತ್ತಿ ಸುತ್ತಿ ಈ ಕೊನೆಯದಕ್ಕೇ ಬರುತ್ತದೆ.

1962ರ ಜುಲೈ 9. ಪೆಸಿಫಿಕ್ ಸಾಗರದ ಜಾನ್‌ಸ್ಟನ್ ದ್ವೀಪದಿಂದ ಅಮೆರಿಕದವರು ಒಂದು ರಾಕೆಟ್ ಮೇಲೆ ಕಳಿಸಿ, ಸುಮಾರು 400 ಕಿ.ಮೀ. ಎತ್ತರದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿದರು. 1.4 ಮೆಗಾಟನ್. ಪರೀಕ್ಷೆಯ ಹೆಸರು ಸ್ಟಾರ್‌ಫಿಷ್ ಪ್ರೈಮ್. ಅಲ್ಲಿಂದ 1,400 ಕಿ.ಮೀ.ಗೂ ದೂರದ ಹವಾಯಿಯಲ್ಲಿ ರಾತ್ರಿಯ ಆಕಾಶ ಬಣ್ಣ ಬಣ್ಣವಾಯಿತು, ಕೆಲವು ಬೀದಿ ದೀಪಗಳು ಆರಿದವು. ಸಿಡಿದ ಜಾಗ ಎಲ್ಲಿ, ದೀಪ ಆರಿದ ಜಾಗ ಎಲ್ಲಿ! ಇಲ್ಲಿಂದ ದೆಹಲಿಗೆ ಇರುವಷ್ಟು ದೂರಕ್ಕೆ ಸ್ವಲ್ಪ ಕಡಿಮೆ.

ಆದರೆ ದೀಪ ಆರಿದ್ದು ಸಣ್ಣ ವಿಷಯ. ಬಾಂಬಿನಿಂದ ಹೊರಟ ಎಲೆಕ್ಟ್ರಾನ್‌ಗಳು ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಕೊಂಡವು. ಹೊರಗೆ ಹೋಗಲು ದಾರಿ ಇಲ್ಲದೆ ಭೂಮಿ ಸುತ್ತಲೂ ತಿರುಗುತ್ತಾ ಉಳಿದವು. ಮರುದಿನ, ಜುಲೈ 10ಕ್ಕೆ, ಅಮೆರಿಕದ್ದೇ ಟೆಲ್‌ಸ್ಟಾರ್ ಉಪಗ್ರಹ ಮೇಲೆ ಹೋಯಿತು. ಟಿವಿ ಚಿತ್ರವನ್ನು ಅಟ್ಲಾಂಟಿಕ್ ಸಾಗರ ದಾಟಿಸಿದ ಹೆಸರುವಾಸಿ ಉಪಗ್ರಹ ಅದು. ಈ ಎಲೆಕ್ಟ್ರಾನ್‌ಗಳ ಹೊಡೆತಕ್ಕೆ ಅದರ ಟ್ರಾನ್ಸಿಸ್ಟರ್‌ಗಳು ಹಾಳಾಗಿ ಕೆಲವೇ ತಿಂಗಳಲ್ಲಿ ಕೆಟ್ಟಿತು. ಬ್ರಿಟನ್ನಿನ ಮೊಟ್ಟಮೊದಲ ಉಪಗ್ರಹ ಏರಿಯಲ್-1 ಕೂಡ ಪೆಟ್ಟು ತಿಂದಿತು. ಬಾಂಬ್ ಹಾಕಿದವರು ಅಮೆರಿಕ, ಶತ್ರು ರಷ್ಯಾ, ಏಟು ತಿಂದವರು ಅಮೆರಿಕ ಮತ್ತು ಅದರ ನೆಂಟ. ಮದುವೆ ಮನೆಯಲ್ಲಿ ಪಟಾಕಿ ಹಚ್ಚಿ ಚಪ್ಪರ ಸುಟ್ಟುಕೊಂಡ ಹಾಗೆ.

ಮರುವರ್ಷ, 1963ರಲ್ಲಿ, ದೊಡ್ಡವರು ಕೂತು ಒಪ್ಪಂದ ಮಾಡಿಕೊಂಡರು. ಗಾಳಿಯಲ್ಲಿ, ನೀರೊಳಗೆ, ಬಾಹ್ಯಾಕಾಶದಲ್ಲಿ ಅಣುಬಾಂಬ್ ಪರೀಕ್ಷೆ ಬೇಡ ಅಂತ. ನೆಲದೊಳಗೆ? ಅದನ್ನು ಬಿಟ್ಟರು. ಒಳ್ಳೆ ಮನಸ್ಸಿನಿಂದ ಬಿಟ್ಟಿದ್ದಲ್ಲ. ದೂರದಲ್ಲಿ ನೆಲ ನಡುಗಿದರೆ ಅದು ಭೂಕಂಪವೋ ಬಾಂಬೋ ಅಂತ ಪಕ್ಕಾ ಹೇಳುವುದು ಆಗ ಕಷ್ಟವಾಗಿತ್ತು. ಇನ್ನೊಬ್ಬ ಮೋಸ ಮಾಡಿದರೆ ಹಿಡಿಯಲಾಗದ ಕಡೆ ಒಪ್ಪಂದಕ್ಕೆ ಯಾರು ಸಹಿ ಹಾಕುತ್ತಾರೆ?

ಆ ಕಷ್ಟ ಬಿಡಿಸಲು ಹುಟ್ಟಿದ್ದೇ ನಮ್ಮೂರಿನ ಭೂಕಂಪನ ಕೇಂದ್ರ. ಭಾಭಾ ಅಣು ಸಂಶೋಧನಾ ಕೇಂದ್ರದವರು 1960ರ ದಶಕದ ನಡುವಿನಲ್ಲಿ ಬ್ರಿಟನ್ನಿನವರ ಜೊತೆ ಸೇರಿ ಇಲ್ಲಿ ಶುರು ಮಾಡಿದರು. ಎಲ್ ಅಕ್ಷರದ ಆಕಾರದಲ್ಲಿ ಕಿ.ಮೀ.ಗಟ್ಟಲೆ ಉದ್ದಕ್ಕೆ ಕಂಪನ ಅಳೆಯುವ ಯಂತ್ರಗಳನ್ನು ಹೂತಿದ್ದಾರೆ. ಒಂದೇ ಯಂತ್ರ ಇದ್ದರೆ ಎಮ್ಮೆ ನಡೆದದ್ದೂ ಬಾಂಬಿನ ಹಾಗೆ ಕೇಳಿಸಬಹುದು. ಹತ್ತಾರು ಇದ್ದರೆ ಅಲೆ ಯಾವ ದಿಕ್ಕಿನಿಂದ ಬಂತು, ಮೊದಲು ಯಾವುದಕ್ಕೆ ತಟ್ಟಿತು, ಎಷ್ಟು ದೂರದ್ದು ಅಂತ ಲೆಕ್ಕ ಸಿಗುತ್ತದೆ. ಇಲ್ಲೇ ಯಾಕೆ? ನಮ್ಮ ಬಂಡೆ. ಬೋರ್‌ವೆಲ್ ಕೊರೆಸುವಾಗ ಶಾಪ ಹಾಕುತ್ತೇವಲ್ಲ, ಅದೇ ಗಟ್ಟಿ ಕಲ್ಲು. ನೆಲ ಸದ್ದಿಲ್ಲದೆ ಇರುತ್ತದೆ, ದೂರದ ಪಿಸುಮಾತೂ ಕೇಳಿಸುತ್ತದೆ.

1967ರಲ್ಲಿ ಬಾಹ್ಯಾಕಾಶ ಒಪ್ಪಂದ ಬಂತು. ಇವತ್ತಿಗೂ ಮೇಲಿನ ಕಾನೂನಿಗೆ ಅದೇ ಅಡಿಪಾಯ. ಚಂದ್ರ ಯಾರಪ್ಪನ ಸೊತ್ತೂ ಅಲ್ಲ, ಅಣುಬಾಂಬನ್ನು ಕಕ್ಷೆಯಲ್ಲಿ ಇಡಬಾರದು ಅನ್ನುತ್ತದೆ. ಆದರೆ ಸಾಮಾನ್ಯ ಆಯುಧವನ್ನು ಕಕ್ಷೆಯಲ್ಲಿ ಇಡಬೇಡಿ ಅನ್ನುವುದಿಲ್ಲ. ನೆಲದಿಂದ ಕ್ಷಿಪಣಿ ಬಿಟ್ಟು ಉಪಗ್ರಹ ಒಡೆಯಬೇಡಿ ಅಂತಲೂ ಇಲ್ಲ. ಬಾಗಿಲಿಗೆ ಬೀಗ ಜಡಿದು ಕಿಟಕಿ ತೆರೆದಿಟ್ಟ ಹಾಗೆ. ಆ ಕಿಟಕಿಯಿಂದಲೇ ಮುಂದಿನದೆಲ್ಲ ಒಳಗೆ ಬಂತು.

ಈಗ ಬೋರ್ಡ್ ನೋಡಿ. ಕೆಳಗಿನ ಕಕ್ಷೆಯಲ್ಲಿ ಒಂದು ವಸ್ತು ಸೆಕೆಂಡಿಗೆ ಸುಮಾರು 7.8 ಕಿ.ಮೀ. ಓಡುತ್ತದೆ. ಎರಡು ವಸ್ತು ಅಡ್ಡಡ್ಡ ಬಂದು ಡಿಕ್ಕಿ ಹೊಡೆದರೆ ವೇಗ ಸೆಕೆಂಡಿಗೆ 10 ಕಿ.ಮೀ. ಅಂತ ಇಟ್ಟುಕೊಳ್ಳೋಣ. 10 ಗ್ರಾಂ ತೂಕದ ಒಂದು ನಟ್ಟು ತಗೊಳ್ಳಿ. ಅರ್ಧ ಎಂವಿ ಸ್ಕ್ವೇರ್, ಅಂದರೆ ತೂಕವನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿ. ಎಷ್ಟು ಬಂತು? ಐದು ಲಕ್ಷ ಜೂಲ್. ಈಗ ಐದು ಟನ್ ತೂಕದ ಟೊಮೆಟೊ ಲಾರಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುತ್ತಿದೆ. ಅದನ್ನೂ ಮಾಡಿ. ಹೆಚ್ಚುಕಡಿಮೆ ಅಷ್ಟೇ! ಮೇಲೆ ಒಂದು ನಟ್ಟು ಅಂದರೆ ಮೈಮೇಲೆ ಬರುವ ಒಂದು ಲಾರಿ. ಎರಡನೇ ಬೆಂಚಿನ ಹುಡುಗಿ ನನಗಿಂತ ಮೊದಲು ಉತ್ತರ ಹೇಳಿದಳು.

ಈ ಲೆಕ್ಕ ಇಟ್ಟುಕೊಂಡು 2007ರ ಜನವರಿ 11 ನೋಡಿ. ಚೀನಾ ತನ್ನದೇ ಹಳೆಯ ಹವಾಮಾನ ಉಪಗ್ರಹ ಫೆಂಗ್‌ಯುನ್-1ಸಿಯನ್ನು ಸುಮಾರು 860 ಕಿ.ಮೀ. ಎತ್ತರದಲ್ಲಿ ಕ್ಷಿಪಣಿಯಿಂದ ಒಡೆಯಿತು. ರೇಡಾರಿಗೆ ಕಾಣುವಷ್ಟು ದೊಡ್ಡ ಚೂರುಗಳೇ 3,000ಕ್ಕೂ ಜಾಸ್ತಿ. ಸಣ್ಣವನ್ನು ಎಣಿಸುವವರು ಯಾರು? ಆ ಎತ್ತರದಲ್ಲಿ ಗಾಳಿ ಇಲ್ಲದಷ್ಟು ತೆಳು, ಚೂರು ಕೆಳಗೆ ಬರಲು ದಶಕಗಳು ಬೇಕು. ಬಹಳಷ್ಟು ಇನ್ನೂ ಅಲ್ಲೇ ತಿರುಗುತ್ತಿವೆ, ಚೀನಾದ ಉಪಗ್ರಹಗಳ ದಾರಿಯಲ್ಲೂ.

2021ರ ನವೆಂಬರ್ 15ಕ್ಕೆ ರಷ್ಯಾದ ಸರದಿ. ತನ್ನ ಕಾಸ್ಮೋಸ್-1408 ಉಪಗ್ರಹವನ್ನು ಒಡೆದು 1,500ಕ್ಕೂ ಜಾಸ್ತಿ ಚೂರು ಮಾಡಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಏಳು ಜನ ಎದ್ದುಬಿದ್ದು ತಮ್ಮ ತಮ್ಮ ನೌಕೆಯೊಳಗೆ ಸೇರಿಕೊಂಡರು. ಏಳರಲ್ಲಿ ಇಬ್ಬರು ರಷ್ಯಾದವರೇ.

ನಮ್ಮದೂ ಇದೆ. 2019ರ ಮಾರ್ಚ್ 27, ಮಿಷನ್ ಶಕ್ತಿ. ಒಡಿಶಾ ಕರಾವಳಿಯ ಅಬ್ದುಲ್ ಕಲಾಂ ದ್ವೀಪದಿಂದ ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಬಿಟ್ಟ ಕ್ಷಿಪಣಿ, ಎರಡು ತಿಂಗಳ ಹಿಂದಷ್ಟೇ ನಾವೇ ಹಾರಿಸಿದ್ದ 740 ಕಿಲೋ ತೂಕದ ಮೈಕ್ರೋಸ್ಯಾಟ್-ಆರ್ ಉಪಗ್ರಹಕ್ಕೆ ನೇರವಾಗಿ ಬಡಿಯಿತು. ಎತ್ತರ 300 ಕಿ.ಮೀ.ಗೂ ಸ್ವಲ್ಪ ಕಡಿಮೆ. ಬೇಕೆಂದೇ ಕೆಳಗೆ ಆರಿಸಿದ್ದರು. ಅಲ್ಲಿ ತೆಳುವಾಗಿ ಗಾಳಿ ಇದೆ, ಚೂರುಗಳು ಬೇಗ ಬಿದ್ದು ಉರಿದುಹೋಗುತ್ತವೆ. 45 ದಿನದಲ್ಲಿ ಎಲ್ಲ ಮುಗಿಯುತ್ತದೆ ಅಂದಿದ್ದರು. ಬಹುಪಾಲು ಬೇಗನೇ ಬಿದ್ದವು. ಆದರೆ ಡಿಕ್ಕಿಯ ರಭಸಕ್ಕೆ ಕೆಲವು ಮೇಲಕ್ಕೂ ಹಾರಿದ್ದವು. ಅವು ಬೀಳಲು 45 ದಿನ ಸಾಲಲಿಲ್ಲ, ಒಂದು ವರ್ಷ ದಾಟಿದ ಮೇಲೂ ಕೆಲವು ಉಳಿದಿದ್ದವು.

ಆ ದಿನ ಸ್ಟಾಫ್ ರೂಮಿನಲ್ಲಿ ನಾವೆಲ್ಲ ಟೇಬಲ್ ಕುಟ್ಟಿದೆವು. ಸುಳ್ಳು ಯಾಕೆ ಹೇಳಲಿ, ನಾನೂ ಕುಟ್ಟಿದೆ. ಅಷ್ಟು ವೇಗದಲ್ಲಿ ಓಡುವ ವಸ್ತುವಿಗೆ ನೆಲದಿಂದ ಗುರಿ ಇಟ್ಟು ಹೊಡೆಯುವುದು ಹುಡುಗಾಟ ಅಲ್ಲ. ಮನೆಗೆ ಬಂದ ಮೇಲೆ ಮಾಸ್ತರ ಬುದ್ಧಿ ಎದ್ದಿತು. ನಾಳೆ ಯಾರೋ ನಮ್ಮ ಉಪಗ್ರಹ ಒಡೆದರು ಅಂತಿಟ್ಟುಕೊಳ್ಳಿ. ನಾವು ಅವರದ್ದನ್ನು ಒಡೆಯುತ್ತೇವಾ? ಒಡೆದರೆ ಚೂರು ಯಾರ ದಾರಿಗೆ ಬರುತ್ತವೆ? ನಮ್ಮ ದಾರಿಗೂ. ನಮ್ಮ ಪಿಎಸ್‌ಎಲ್‌ವಿ-ಸಿ56 ರಾಕೆಟ್ 2023ರ ಜುಲೈ 30ರಂದು ಒಂದು ನಿಮಿಷ ತಡವಾಗಿ ಹೊರಟಿತು. ಮೇಲೆ ಡಿಕ್ಕಿ ಆಗಬಾರದು ಅಂತ ಅಷ್ಟೇ. ಚಂದ್ರಯಾನ-3ರ ಹೊರಡುವಿಕೆಯನ್ನೂ ಇದೇ ಕಾರಣಕ್ಕೆ 4 ಸೆಕೆಂಡ್ ಮುಂದೂಡಿದ್ದರು. ಟೋಲ್ ಗೇಟಿನಲ್ಲಿ ಕಾದ ಹಾಗೆ ಚಂದ್ರನಿಗೆ ಹೋಗುವವರೂ ಕಾಯುವ ಕಾಲ ಬಂದಿದೆ.

ಇಲ್ಲಿ ರೇಷ್ಮೆ ಮಾಡುವವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ನಿಮಗೆ ಬೇಗ ಅರ್ಥವಾಗುತ್ತದೆ. ಹಿಪ್ಪುನೇರಳೆ ತೋಟದ ಪಕ್ಕದ ಹೊಲಕ್ಕೆ ಯಾರಾದರೂ ಔಷಧಿ ಹೊಡೆದರೆ ಗಾಳಿಗೆ ಅದು ನಿಮ್ಮ ಸೊಪ್ಪಿನ ಮೇಲೆ ಕೂರುತ್ತದೆ. ಆ ಸೊಪ್ಪು ತಿಂದರೆ ಹುಳ ಸಾಯುತ್ತದೆ. ಈಗ ಇಬ್ಬರೂ ಹುಳ ಸಾಕುವವರೇ, ಇಬ್ಬರಿಗೂ ಬದ್ಧ ದ್ವೇಷ ಅಂತಿಟ್ಟುಕೊಳ್ಳಿ. ಒಬ್ಬನ ಮೇಲೆ ಹಟಕ್ಕೆ ಇನ್ನೊಬ್ಬ ಔಷಧಿ ಹೊಡೆಯುತ್ತಾನಾ? ಹೊಡೆಯಲ್ಲ. ಗಾಳಿ ನಾಳೆ ಎತ್ತ ತಿರುಗುತ್ತದೋ ಯಾರಿಗೆ ಗೊತ್ತು? ದೊಡ್ಡ ಬಾಹ್ಯಾಕಾಶ ದೇಶಗಳು ಇಷ್ಟು ದಿನ ಒಂದರ ಉಪಗ್ರಹ ಇನ್ನೊಂದು ಒಡೆಯದೆ ಇರುವುದಕ್ಕೆ ಕ್ಷಿಪಣಿಯ ಭಯಕ್ಕಿಂತ ಈ ಗಾಳಿಯ ಭಯವೇ ಜಾಸ್ತಿ ಕಾರಣ ಅಂತ ನನ್ನ ಲೆಕ್ಕ. ತೊಂದರೆ ಎಲ್ಲಿ ಅಂದರೆ, ಹುಳವನ್ನೇ ಸಾಕದವನು ಬಂದರೆ ಅವನಿಗೆ ಈ ಭಯ ಇಲ್ಲ. ಮೇಲೆ ಕಳೆದುಕೊಳ್ಳಲು ಏನೂ ಇಲ್ಲದ ದೇಶದ ಕೈಗೆ ಒಂದು ರಾಕೆಟ್ ಮತ್ತು ಒಂದು ಅಣುಬಾಂಬ್ ಸಿಕ್ಕಿದರೆ 1962ರ ಕಥೆಯನ್ನು ಮತ್ತೆ ಹೇಳಬೇಕಾಗುತ್ತದೆ.

2022ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಒಂದು ನಿರ್ಣಯ ಬಂತು. ನೆಲದಿಂದ ಕ್ಷಿಪಣಿ ಬಿಟ್ಟು ಉಪಗ್ರಹ ಒಡೆಯುವ ಪರೀಕ್ಷೆ ಇನ್ನು ಮಾಡುವುದಿಲ್ಲ ಅಂತ ದೇಶಗಳು ಮಾತು ಕೊಡಲಿ ಅನ್ನುವ ನಿರ್ಣಯ. 155 ದೇಶ ಹೌದು ಅಂದವು. ಚೀನಾ, ರಷ್ಯಾ ಸೇರಿ 9 ದೇಶ ಬೇಡ ಅಂದವು. ಇನ್ನು 9 ದೇಶ ಎರಡೂ ಕಡೆ ಸೇರಲಿಲ್ಲ, ಭಾರತ ಅದರಲ್ಲಿ ಒಂದು. ನನಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ನಾವು ತೋರಿಸುವುದನ್ನು ತೋರಿಸಿ ಆಗಿದೆ, ಇನ್ನೊಮ್ಮೆ ತೋರಿಸುವ ಅಗತ್ಯ ಕಾಣೆ. ಆದರೂ ನಮ್ಮವರ ಹಿಂಜರಿಕೆಗೆ ಒಂದು ಹಳೆಯ ಗಾಯ ಇದೆ, ಅದನ್ನೂ ಹೇಳಬೇಕು. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ಬಂದಾಗ, 1967ರ ಜನವರಿ 1ಕ್ಕೆ ಮೊದಲು ಬಾಂಬ್ ಸಿಡಿಸಿದವರು ಒಳಗೆ, ಉಳಿದವರು ಹೊರಗೆ ಅಂತ ಗೆರೆ ಎಳೆದರು. ನಾವು ಸಿಡಿಸಿದ್ದು 1974ರಲ್ಲಿ. ತಡವಾಗಿ ಬಂದವನಿಗೆ ಪಂಕ್ತಿಯಲ್ಲಿ ಎಲೆ ಇಲ್ಲ. ಬಾಹ್ಯಾಕಾಶದಲ್ಲೂ ಇಂಥದ್ದೇ ಗೆರೆ ಬೀಳುವ ಮೊದಲು ಒಳಗೆ ಕೂತುಬಿಡಬೇಕು ಅನ್ನುವ ಆತುರ 2019ರ ಪರೀಕ್ಷೆಯ ಹಿಂದೆ ಇತ್ತು ಅಂತ ಬಹಳ ಜನ ಬರೆದಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ.

ಇನ್ನು ಹೊಡೆದವನು ಯಾರು ಅನ್ನುವ ಪ್ರಶ್ನೆ. ಇದಕ್ಕೆ ಮೊದಲು ಒಂದು ಮನೆ ಕಥೆ.

ನಾನು ಏಳನೇ ಕ್ಲಾಸಿನಲ್ಲಿದ್ದೆ. ಮನೆಯಲ್ಲಿ ಹುಳ ಸಾಕುತ್ತಿದ್ದೆವು. ನಾಲ್ಕನೇ ಜ್ವರ (ಹುಳ ಪೊರೆ ಕಳಚುವುದಕ್ಕೆ ಹಾಗನ್ನುತ್ತೇವೆ) ಎದ್ದು ಮೂರು ದಿನ ಆಗಿತ್ತು. ಹುಳ ಮಳೆ ಸುರಿದ ಹಾಗೆ ಸದ್ದು ಮಾಡಿಕೊಂಡು ಸೊಪ್ಪು ತಿನ್ನುವ ಹೊತ್ತು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಹೇಳಿ ಆಗಿತ್ತು. ಒಂದು ಬೆಳಿಗ್ಗೆ ನೋಡಿದರೆ ತಟ್ಟೆ ತಟ್ಟೆಯೇ ಹುಳ ತಲೆ ಎತ್ತಿ ಅಲ್ಲಾಡಿಸುತ್ತಿದ್ದವು, ಬಾಯಲ್ಲಿ ಹಸಿರು ನೀರು. ಸಂಜೆಗೆ ಅರ್ಧ ಹೋಯಿತು. ಹಿಂದಿನ ದಿನ ಪಕ್ಕದ ಹೊಲದವರು ಬೀನ್ಸ್‌ಗೆ ಔಷಧಿ ಹೊಡೆದದ್ದನ್ನು ಅಪ್ಪ ನೋಡಿದ್ದರು. ಇನ್ನೇನು ಸಾಕ್ಷಿ ಬೇಕು? ಬದುವಿನ ಮೇಲೆ ನಿಂತು ಕೂಗಾಡಿದರು. ಅವರೂ ಬಿಡಲಿಲ್ಲ. ಪಂಚಾಯಿತಿ ಆಯಿತು, ಮಾತು ಬಿಟ್ಟಿತು, ಉಳುಮೆಗೆ ಎತ್ತು ಕೊಡುವುದು ತೆಗೆದುಕೊಳ್ಳುವುದು ನಿಂತಿತು.

ಮುಂದಿನ ಬೆಳೆಯಲ್ಲಿ ಮತ್ತೆ ಹುಳ ಸತ್ತವು. ಈ ಸಲ ಪಕ್ಕದವರು ಊರಲ್ಲೇ ಇರಲಿಲ್ಲ, ಮಗಳ ಮನೆಗೆ ಹೋಗಿದ್ದರು. ಅಪ್ಪ ಆಗಲೂ ಅವರನ್ನೇ ಬೈದರು. ಅಮ್ಮ ಬೈಯಲಿಲ್ಲ. ಯಾವ ತಟ್ಟೆಯ ಹುಳ ಸತ್ತಿದೆ, ಯಾವುದು ಉಳಿದಿದೆ ಅಂತ ಒಂದೊಂದೇ ನೋಡಿದರು. ಒಂದೇ ಚೀಲದಲ್ಲಿ ಬಂದ ಸೊಪ್ಪು ತಿಂದ ತಟ್ಟೆಗಳು ಮಾತ್ರ ಹೋಗಿದ್ದವು. ಆ ಗೋಣಿಚೀಲವನ್ನು ಮೂಗಿಗೆ ಹಿಡಿದರು. ಡಿಡಿಟಿ ಪುಡಿ. ಕಡಲೆಕಾಯಿ ಬಿತ್ತನೆ ಬೀಜಕ್ಕೆ ಇರುವೆ ಮುತ್ತದಿರಲಿ ಅಂತ ಅಪ್ಪನೇ ಹಾಕಿದ್ದರು.

ಮೇಲೆ ಒಂದು ಉಪಗ್ರಹ ಮಾತು ನಿಲ್ಲಿಸಿದಾಗಲೂ ಪ್ರಶ್ನೆ ಇದೇ. ಪಕ್ಕದವನೋ, ಗಾಳಿಯೋ, ನಮ್ಮದೇ ಚೀಲವೋ?

1967ರ ಮೇ 23. ಬಾಹ್ಯಾಕಾಶ ಒಪ್ಪಂದ ಬಂದ ವರ್ಷವೇ ನೋಡಿ. ರಷ್ಯಾದ ಕ್ಷಿಪಣಿ ಬಂದರೆ ಮೊದಲೇ ತಿಳಿಯಲಿ ಅಂತ ಅಮೆರಿಕ ಮೂರು ಕಡೆ ದೊಡ್ಡ ರೇಡಾರ್ ಇಟ್ಟಿತ್ತು: ಅಲಾಸ್ಕಾ, ಗ್ರೀನ್‌ಲ್ಯಾಂಡ್, ಇಂಗ್ಲೆಂಡ್. ಆ ದಿನ ಮೂರೂ ಒಟ್ಟಿಗೆ ಕುರುಡಾದವು. ಬೇಕೆಂದು ರೇಡಾರಿಗೆ ಅಡ್ಡಿ ಮಾಡುವುದು ಯುದ್ಧಕ್ಕೆ ಮೊದಲ ಹೆಜ್ಜೆ ಅಂತ ಆಗಿನ ಲೆಕ್ಕ. ವಿಮಾನಗಳು ಹಾರಲು ತಯಾರಾದವು, ಅಣುಬಾಂಬ್ ಹೊರುವ ವಿಮಾನಗಳು. ಅಷ್ಟರಲ್ಲಿ ವಾಯುಪಡೆಯಲ್ಲಿ ಸೂರ್ಯನನ್ನು ಗಮನಿಸುವ ಸಣ್ಣ ಗುಂಪೊಂದು ವಿಷಯ ಮುಟ್ಟಿಸಿತು. ಇದು ರಷ್ಯಾ ಅಲ್ಲ, ಸೂರ್ಯ. ದೊಡ್ಡ ಸೌರಜ್ವಾಲೆ ಎದ್ದಿದೆ, ಅದರ ರೇಡಿಯೋ ಅಲೆಗಳು ರೇಡಾರಿನ ಕಣ್ಣು ಕಟ್ಟಿವೆ ಅಂತ. ವಿಮಾನ ಹಾರಲಿಲ್ಲ. ಆ ಗುಂಪು ಹುಟ್ಟಿ ಕೆಲವೇ ವರ್ಷ ಆಗಿತ್ತು. ಹತ್ತು ವರ್ಷ ಮೊದಲು ಹೀಗಾಗಿದ್ದರೆ ಆ ಮಾತು ಹೇಳುವವರೇ ಇರುತ್ತಿರಲಿಲ್ಲ. ಆಮೇಲೆ ಏನಾಗುತ್ತಿತ್ತು, ನೀವೇ ಯೋಚನೆ ಮಾಡಿ.

ಈಗ ಹೇಳಿ, ನಮ್ಮ ಊರಿನ ಎರಡನೇ ಕಿವಿ ಯಾವ ಕೆಲಸಕ್ಕೆ? ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಕಟ್ಟಿದ ರೇಡಿಯೋ ದೂರದರ್ಶಕ. ದೂರದರ್ಶಕ ಅಂದ ತಕ್ಷಣ ಗುಮ್ಮಟ ಹುಡುಕಬೇಡಿ. ಟಿ ಆಕಾರದಲ್ಲಿ ಕಂಬ, ತಂತಿ. ಗೊತ್ತಿಲ್ಲದವರು ಬಟ್ಟೆ ಒಣಹಾಕುವ ಹಗ್ಗ ಅಂದುಕೊಳ್ಳಬೇಕು. 1997ರಿಂದ ಅಲ್ಲಿ ಸೂರ್ಯನನ್ನೇ ರೇಡಿಯೋ ಅಲೆಯಲ್ಲಿ ಚಿತ್ರ ತೆಗೆಯುವ ಇನ್ನೊಂದು ಸಾಲು ಆಂಟೆನಾ ಇದೆ. ಅವರು ಮಾಡುವುದು ವಿಜ್ಞಾನ, ಸೇನೆಯ ಕೆಲಸ ಅಲ್ಲ. ಆದರೆ ಸೂರ್ಯನ ಸಿಟ್ಟು ಹೇಗಿರುತ್ತದೆ ಅಂತ ತಿಳಿದವರು ದೇಶದಲ್ಲಿ ಇರುವುದೇ ಒಂದು ರಕ್ಷಣೆ. 2022ರ ಫೆಬ್ರವರಿಯಲ್ಲಿ ಆಗ ತಾನೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಇಂಟರ್ನೆಟ್ ಉಪಗ್ರಹಗಳಲ್ಲಿ 38 ವಾಪಸ್ ಬಿದ್ದು ಉರಿದವು. ಯಾರೂ ಹೊಡೆಯಲಿಲ್ಲ. ಸೂರ್ಯನ ಬಿರುಗಾಳಿಗೆ ಮೇಲಿನ ಗಾಳಿ ಉಬ್ಬಿ, ಅವುಗಳ ವೇಗ ತಗ್ಗಿಸಿ ಕೆಳಕ್ಕೆ ಎಳೆಯಿತು ಅಷ್ಟೇ. ಸೂರ್ಯನನ್ನು ನೋಡುವ ನಮ್ಮ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಂದು 15 ಲಕ್ಷ ಕಿ.ಮೀ. ದೂರದ ತನ್ನ ಜಾಗ ಸೇರಿತು. ಪತ್ರಿಕೆಗಳು ಅದನ್ನು ವಿಜ್ಞಾನದ ಪುಟದಲ್ಲಿ ಹಾಕುತ್ತವೆ. ನಾನು ಸಂಪಾದಕನಾಗಿದ್ದರೆ ರಕ್ಷಣೆಯ ಪುಟದಲ್ಲೂ ಹಾಕುತ್ತಿದ್ದೆ.

ನಮ್ಮದೇ ಚೀಲದ ಉದಾಹರಣೆಯೂ ಇದೆ. ಅಮೆರಿಕದ ಜಿಪಿಎಸ್ ನಂಬಿ ಕೂರಬಾರದು ಅಂತ ನಾವು ನಾವಿಕ್ ಅನ್ನುವ ನಮ್ಮದೇ ದಾರಿ ತೋರಿಸುವ ಉಪಗ್ರಹಗಳ ಗುಂಪು ಕಟ್ಟಿದೆವು. 2013ರಿಂದ ಉಪಗ್ರಹ ಹಾರಿಸಲು ಶುರು. ಆ ಉಪಗ್ರಹಗಳ ಜೀವ ಇರುವುದು ಅಣು ಗಡಿಯಾರದಲ್ಲಿ. ಹೊರದೇಶದಿಂದ ತಂದ ಆ ಗಡಿಯಾರಗಳು ಒಂದೊಂದಾಗಿ ಕೆಟ್ಟವು. ಶತ್ರು ಒಂದು ಕಲ್ಲೂ ಬೀರದೆ ನಮ್ಮ ವ್ಯವಸ್ಥೆ ಕುಂಟಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಮ್ಮದೇ ಗಡಿಯಾರ ಕೂತಿತು, ಖುಷಿಪಟ್ಟೆವು. 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ಸರಿಯಾದ ಕಕ್ಷೆಗೆ ಏರಲೇ ಇಲ್ಲ.

ಇದರಿಂದ ತಡೆಯುವ ಇನ್ನೊಂದು ದಾರಿ ಹೊಳೆಯುತ್ತದೆ. ಹೊಡೆದರೆ ಹೊಡೆಯುತ್ತೇನೆ ಅನ್ನುವುದು ಒಂದು. ಹೊಡೆದರೂ ನಿನಗೆ ಏನೂ ಸಿಗಲ್ಲ ಅನ್ನುವುದು ಇನ್ನೊಂದು. ಒಂದು ದೊಡ್ಡ ಉಪಗ್ರಹದ ಬದಲು ಐವತ್ತು ಸಣ್ಣವು ಇದ್ದರೆ ಶತ್ರು ಯಾವುದಕ್ಕೆ ಅಂತ ಗುರಿ ಇಡುತ್ತಾನೆ? ನಮ್ಮ ಸರಕಾರ 2024ರಲ್ಲಿ 52 ಕಣ್ಗಾವಲು ಉಪಗ್ರಹಗಳಿಗೆ ಒಪ್ಪಿಗೆ ಕೊಟ್ಟಿದೆ, ಅದರಲ್ಲಿ 31 ಖಾಸಗಿಯವರು ಮಾಡಬೇಕು. ಹಾಗೇ, ಒಂದು ಕೆಟ್ಟರೆ ಎಷ್ಟು ದಿನದಲ್ಲಿ ಇನ್ನೊಂದು ಹಾರಿಸುತ್ತೀರಿ ಅನ್ನುವುದು. ಪಂಪ್‌ಸೆಟ್ಟಿನ ಮೋಟರ್ ಸುಟ್ಟರೆ ಮನೆಯಲ್ಲಿ ಇನ್ನೊಂದು ಇಟ್ಟುಕೊಂಡವನು ರೈತ, ಇಲ್ಲದವನು ವೈಂಡಿಂಗ್ ಅಂಗಡಿ ಮುಂದೆ ಕೂರುತ್ತಾನೆ. ಈ ದಾರಿಗೆ ಚಪ್ಪಾಳೆ ಬೀಳುವುದಿಲ್ಲ, ಟಿವಿಯಲ್ಲಿ ಹೊಗೆ ಕಾಣುವುದಿಲ್ಲ. ನನ್ನನ್ನು ಕೇಳಿದರೆ ದುಡ್ಡು ಇಲ್ಲೇ ಜಾಸ್ತಿ ಹೋಗಬೇಕು, ಮೇಲೆ ಏನು ನಡೆಯುತ್ತಿದೆ ಅಂತ ನೋಡುವ ಕಣ್ಣಿಗೂ ಹೋಗಬೇಕು. ಪೀಣ್ಯದಲ್ಲಿ ಇಸ್ರೋ 2022ರಲ್ಲಿ ಇದಕ್ಕೇ ಒಂದು ಕೇಂದ್ರ ತೆರೆದಿದೆ. ಆದರೂ ಮೇಲಿನ ಚೂರುಗಳ ಪಟ್ಟಿಗೆ ನಾವು ಇನ್ನೂ ಬಹುಪಾಲು ಅಮೆರಿಕದ ಮುಖ ನೋಡುತ್ತೇವೆ.

ಒಂದು ಮಾತು ಬೇಗ ಹೇಳಿ ಮುಗಿಸುತ್ತೇನೆ. ಆಯುಧ ಯಾವುದು ಅನ್ನುವುದೇ ಮೇಲೆ ಸ್ಪಷ್ಟ ಇಲ್ಲ. 2022ರ ಜನವರಿಯಲ್ಲಿ ಚೀನಾದ ಒಂದು ಉಪಗ್ರಹ ಸತ್ತುಹೋಗಿದ್ದ ತನ್ನದೇ ಇನ್ನೊಂದನ್ನು ಹಿಡಿದು ಎಳೆದು ದೂರ ಬಿಟ್ಟು ಬಂತು. ಕಸ ಗುಡಿಸಿದ್ದು, ಒಳ್ಳೆಯದೇ. ಆದರೆ ತನ್ನದನ್ನು ಎಳೆಯುವ ಕೈ ಪಕ್ಕದವನದ್ದನ್ನೂ ಎಳೆಯಬಹುದಲ್ವಾ? 2025ರ ಜನವರಿ 16ರಂದು ನೌಕೆಗಳನ್ನು ಕಕ್ಷೆಯಲ್ಲಿ ಜೋಡಿಸುವ ನಮ್ಮ ಸ್ಪೇಡೆಕ್ಸ್ ಪ್ರಯೋಗದ ಎರಡು ನೌಕೆ ಮೇಲೆ ಕೈ ಹಿಡಿದುಕೊಂಡಾಗ ನಾವು ಸಿಹಿ ಹಂಚಿದೆವು. ಪಕ್ಕದ ದೇಶದವರು ಅದನ್ನು ಹೇಗೆ ನೋಡಿದರೋ. ಕುಡುಗೋಲು ಹಿಡಿದವನು ಹುಲ್ಲಿಗೆ ಹೊರಟನೋ ಜಗಳಕ್ಕೋ, ಕುಡುಗೋಲು ನೋಡಿ ಹೇಳಲು ಆಗಲ್ಲ.

ಪ್ರಶ್ನೆ ಕೇಳಿ ಅಂದೆ. ಹಿಂದಿನ ಸಾಲಿನ ಯಜಮಾನರೊಬ್ಬರು ಎದ್ದರು. "ಸಾಮಿ, ಇಷ್ಟೊಂದು ಚೂರು ಮೇಲಿದೆ ಅಂತೀರ. ನಮ್ಮ ತಲೆ ಮೇಲೆ ಬೀಳಲ್ವಾ?"

ಬೀಳುವುದರಲ್ಲಿ ಹೆಚ್ಚಿನದು ದಾರಿಯಲ್ಲೇ ಉರಿದುಹೋಗುತ್ತದೆ, ಉಳಿದದ್ದು ಬಹುಮಟ್ಟಿಗೆ ಸಮುದ್ರಕ್ಕೆ ಅಂದೆ. ಬಿದ್ದದ್ದೂ ಉಂಟು. 1978ರ ಜನವರಿಯಲ್ಲಿ ರಷ್ಯಾದ ಕಾಸ್ಮೋಸ್-954, ಒಳಗೆ ಅಣು ರಿಯಾಕ್ಟರ್ ಇದ್ದ ಉಪಗ್ರಹ, ಕೆನಡಾದ ಮೇಲೆ ಚೂರು ಚೂರಾಗಿ ಬಿತ್ತು. ಹಿಮದಲ್ಲಿ ಹುಡುಕಿ ಹುಡುಕಿ ಆರಿಸಿದರು. ಕೊನೆಗೆ ರಷ್ಯಾ 30 ಲಕ್ಷ ಕೆನಡಾ ಡಾಲರ್ ಕೊಟ್ಟಿತು. "ಹಂಗಾದ್ರೆ ನಮ್ಮ ತೋಟಕ್ಕೆ ಬಿದ್ದರೂ ಪರಿಹಾರ ಬರುತ್ತೆ" ಅಂದರು. ಬೆಳೆ ವಿಮೆಗಿಂತ ಬೇಗ ಬರಬಹುದು ಅಂದೆ. ಸಭೆ ನಕ್ಕಿತು.

ಲೆಕ್ಕ ಮೊದಲು ಮಾಡಿದ ಆ ಹುಡುಗಿ ಎದ್ದಳು. "ಸರ್, ಅಷ್ಟು ಎತ್ತರಕ್ಕೆ ಹೊಡೆಯೋ ಕಷ್ಟ ಯಾಕೆ? ಕೆಳಗಿರೋ ಡಿಶ್ಶು, ಕಂಪ್ಯೂಟರ್ ಕೆಡಿಸಿದರೆ ಸಾಕಲ್ವಾ?"

ಇಡೀ ಉಪನ್ಯಾಸದಲ್ಲಿ ನಾನು ಹೇಳಲು ಬಿಟ್ಟಿದ್ದನ್ನು ಅವಳು ಎತ್ತಿ ಕೊಟ್ಟಳು. ಹಾಗೇ ಆಗಿದೆ. 2022ರ ಫೆಬ್ರವರಿ 24, ರಷ್ಯಾದ ಸೇನೆ ಉಕ್ರೇನಿಗೆ ನುಗ್ಗಿದ ದಿನ. ವಯಾಸ್ಯಾಟ್ ಕಂಪನಿಯ ಉಪಗ್ರಹ ಇಂಟರ್ನೆಟ್ಟಿನ ಸಾವಿರಾರು ಮೋಡೆಮ್ ಒಟ್ಟಿಗೆ ಸತ್ತವು. ಉಪಗ್ರಹಕ್ಕೆ ಒಂದು ಗೀರೂ ಆಗಿರಲಿಲ್ಲ. ನೆಲದ ಜಾಲಕ್ಕೆ ನುಗ್ಗಿ ಮೋಡೆಮ್‌ಗಳ ಮೆಮೊರಿಯನ್ನು ಅಳಿಸಿಹಾಕಿದ್ದರು. ಏಟು ಬಿದ್ದದ್ದು ಉಕ್ರೇನಿಗೆ ಮಾತ್ರ ಅಲ್ಲ, ಜರ್ಮನಿಯ 5,800 ಗಾಳಿಯಂತ್ರಗಳನ್ನು ದೂರದಿಂದ ನೋಡಿಕೊಳ್ಳುವ ಸಂಪರ್ಕವೂ ಕಡಿಯಿತು. ಮಾಡಿದ್ದು ರಷ್ಯಾ ಅಂತ ಅಮೆರಿಕ, ಯುರೋಪಿನವರು ಬಹಿರಂಗವಾಗಿ ಹೇಳಿದ್ದು ಮೇ ತಿಂಗಳಲ್ಲಿ. ಹೊಡೆದವನು ಯಾರು ಅಂತ ಹೇಳುವಷ್ಟರಲ್ಲಿ ಎರಡೂವರೆ ತಿಂಗಳು. ನಮ್ಮ ಕಡೆಯೂ, 2023ರ ನವೆಂಬರಿನಿಂದ 2025ರ ಫೆಬ್ರವರಿವರೆಗೆ ಅಮೃತಸರ, ಜಮ್ಮು ಸುತ್ತಮುತ್ತ ವಿಮಾನಗಳ ಜಿಪಿಎಸ್‌ಗೆ 465 ಸಲ ಅಡ್ಡಿಯಾಗಿದೆ ಅಂತ ಸರಕಾರವೇ ಲೋಕಸಭೆಯಲ್ಲಿ ಹೇಳಿತು. ಚೂರಿಲ್ಲ, ಸದ್ದಿಲ್ಲ, ಹೊಗೆಯಿಲ್ಲ. ಇಂಥದ್ದಕ್ಕೆ ಯಾವ ಬೆದರುಬೊಂಬೆ ನಿಲ್ಲಿಸುವುದು ಅಂತ ನನಗೂ ಹೊಳೆದಿಲ್ಲ, ನೀನು ಯೋಚನೆ ಮಾಡಮ್ಮ ಅಂದೆ.

ಕರೆಂಟ್ ಬಂತು. ಫ್ಯಾನ್ ತಿರುಗಿದವು, ಪ್ರೊಜೆಕ್ಟರಿನಲ್ಲಿ ಅರ್ಧಕ್ಕೆ ನಿಂತಿದ್ದ ಎರಡನೇ ಚಿತ್ರ ಗೋಡೆ ಮೇಲೆ ಮೂಡಿತು. ಜನ ಏಳುತ್ತಿದ್ದರು. ಬಾಗಿಲ ಹತ್ತಿರ ಒಬ್ಬ ಹುಡುಗ ಅಡ್ಡ ಬಂದ. "ಸರ್, ಆ ಗೋಣಿಚೀಲದ ವಿಷಯ ಪಕ್ಕದ ಹೊಲದವರಿಗೆ ಹೇಳಿದರಾ?"

"ಇಲ್ಲಪ್ಪ" ಅಂದೆ. "ಚೀಲ ಸುಟ್ಟುಹಾಕಿದರು. ಯಾರಿಗೂ ಹೇಳಬೇಡ ಅಂತ ನನಗೆ ಅಪ್ಪ ಆಣೆ ಹಾಕಿಸಿದ್ದರು."